ಐದೂರ ಹೊಳೆಯ ಕಳ್ಳಗಾಲುವೆ

ಅಕ್ಕನಿಗೆ ಆ ವಾರ ತಲೆ ಕೆಟ್ಟುಹೋಗಿತ್ತು. ನಗರದ ನೀರು ಸರಬರಾಜು ಕಚೇರಿಯಲ್ಲಿ ನಿಯಮಗಳ ಕರಡು ಬರೆಯುವುದು ಅವಳ ಕೆಲಸ. ಕೈತೋಟಗಳಿಗೆ ಯಾವ ಹೊತ್ತಿನಲ್ಲಿ ನೀರು ಬಿಡಬಹುದು ಎಂಬುದರ ಬಗ್ಗೆ ಅವಳೊಂದು ನಿಯಮ ಬರೆದಿದ್ದಳು. ಅದು ಮೇಜಿನಿಂದ ಮೇಜಿಗೆ ತಿರುಗಿ, ಎಲ್ಲರ ಪೆನ್ನಿನ ಶಾಯಿ ಮೆತ್ತಿಸಿಕೊಂಡು, ವರ್ಷ ಕಳೆದ ಮೇಲೆ ಅವಳ ಮೇಜಿಗೇ ವಾಪಸ್ಸು ಬಂದಿತ್ತು. ಆಗಿದ್ದ ಬದಲಾವಣೆ ಒಂದೇ. ಅವಳು 'ಬೆಳಿಗ್ಗೆ' ಎಂದು ಬರೆದ ಕಡೆ ಯಾರೋ 'ಬೆಳಗಿನ ವೇಳೆಯಲ್ಲಿ' ಎಂದು ತಿದ್ದಿದ್ದರು.

ಆ ಬೇಸರದಲ್ಲಿ ಕೂತಿದ್ದಾಗಲೇ ತಮ್ಮನ ಫೋನು ಬಂತು.

"ಅಕ್ಕಾ, ನನ್ನ ಹೊಳೆ ಹರೀತಿಲ್ಲ. ಭಾನುವಾರ ಬಂದು ನೋಡ್ತೀಯಾ?"

ಬೇರೆಯವರಾಗಿದ್ದರೆ ಗಾಬರಿಯಾಗುತ್ತಿದ್ದರು. ಅಕ್ಕನಿಗೆ ತಮ್ಮ ಗೊತ್ತು. ಅವನು ಲಿಫ್ಟ್ ರಿಪೇರಿ ಮಾಡುವವನು. ದಿನವಿಡೀ ಎತ್ತರದ ಕಟ್ಟಡಗಳ ಹೊಟ್ಟೆಯೊಳಗೆ ಹಗ್ಗ, ಗಾಲಿ, ಗ್ರೀಸು ಅಂತ ಇರುತ್ತಿದ್ದ. ಮನೆಗೆ ಬಂದು ಕೈ ತೊಳೆದನೆಂದರೆ ಮೇಜಿನ ಮೇಲೆ ರಟ್ಟು ಹರಡಿಕೊಂಡು ಹೊಸ ಹೊಸ ಬೋರ್ಡ್ ಗೇಮ್ ಕಟ್ಟುತ್ತಿದ್ದ. ಒಂದೂ ಪೂರ್ತಿಯಾದದ್ದಿಲ್ಲ. ಆದರೆ ಈ ಸಲದ್ದು ಪೂರ್ತಿಯಾಗುವ ಹಾಗೆ ಕಾಣುತ್ತಿದೆ ಎಂದು ಅವನ ಹೆಂಡತಿ ಮೊನ್ನೆಯೇ ಹೇಳಿದ್ದಳು. ಅವಳು ದಂತವೈದ್ಯೆ. ಇದ್ದದ್ದನ್ನು ಇದ್ದ ಹಾಗೆ ಹೇಳುವ ಹೆಣ್ಣು.

ಭಾನುವಾರ ಅಕ್ಕ ಹೋದಾಗ ಊಟದ ಮೇಜಿನ ಮೇಲೆ ಊಟವಿರಲಿಲ್ಲ, ಹೊಳೆಯಿತ್ತು. ಮೇಜಿನ ಈ ತುದಿಯಿಂದ ಆ ತುದಿಗೆ ಬಳುಕುತ್ತ ಹೋದ ಹೊಳೆ, ಅದರ ದಂಡೆಯಲ್ಲಿ ಐದು ಊರು. ಆಟದ ಹೆಸರೇ 'ಐದೂರ ಹೊಳೆ'. ಐದು ಜನ, ಒಬ್ಬೊಬ್ಬರಿಗೆ ಒಂದೊಂದು ಊರು. ಪ್ರತಿ ಸುತ್ತಿನಲ್ಲೂ ಹೊಳೆಯ ತಲೆಯ ಹತ್ತಿರ ಒಂದು ಹಿಡಿ ನೀಲಿ ಮಣಿ ಸುರಿಯಬೇಕು. ಅದೇ ಆ ಸುತ್ತಿನ ನೀರು. ಮೇಲಿನೂರಿನವರು ಮೊದಲು ತಮಗೆ ಬೇಕಾದಷ್ಟು ತೆಗೆದುಕೊಂಡು ಮಿಕ್ಕಿದ್ದನ್ನು ಕೆಳಕ್ಕೆ ತಳ್ಳಬೇಕು. ಅವರ ಕೆಳಗಿನವರೂ ಹಾಗೆಯೇ. ಮಣಿ ಕೊಟ್ಟು ಮನೆ, ತೋಟ, ಗಿರಣಿ ಕಟ್ಟಿಕೊಳ್ಳಬೇಕು. ನೀರು ಬಾರದ ಸುತ್ತಿನಲ್ಲಿ ಕಟ್ಟಿದ್ದರಲ್ಲಿ ಒಂದನ್ನು ಎತ್ತಿಬಿಡಬೇಕು. ಆಟ ಮುಗಿದಾಗ ಯಾರ ಊರು ದೊಡ್ಡದೋ ಅವರದ್ದೇ ಗೆಲುವು.

"ಚೆನ್ನಾಗಿದೆಯಲ್ಲೋ," ಎಂದಳು ಅಕ್ಕ.

"ಏನು ಚೆನ್ನಾಗಿದೆ? ಮೇಲಿನೂರಲ್ಲಿ ಕೂತವರೇ ಪ್ರತಿ ಸಲ ಗೆಲ್ತಾರೆ. ಕೆಳಗಿನೂರಲ್ಲಿ ಕೂತವರು ಮೊಬೈಲ್ ನೋಡ್ತಾ ಕೂರ್ತಾರೆ."

"ಮೇಲಿನೂರಲ್ಲಿ ಯಾರು ಕೂರೋದು?"

ತಮ್ಮ ದನಿ ತಗ್ಗಿಸಿದ. "ಅತ್ತೆ."

ಅಡುಗೆಮನೆಯ ಬಾಗಿಲಲ್ಲಿ ಅವನ ಅತ್ತೆ, ಅಂದರೆ ದಂತವೈದ್ಯೆಯ ತಾಯಿ, ಟೀ ಲೋಟ ಹಿಡಿದು ನಿಂತಿದ್ದರು. ನಿವೃತ್ತ ಹೆಡ್ ಮಿಸ್ಸು. ಅಕ್ಕ, ಪಕ್ಕದ ಮನೆಯವರು, ತರಕಾರಿ ಅಂಗಡಿಯವನು, ಎಲ್ಲರೂ ಅವರನ್ನು ಮಿಸ್ ಎಂದೇ ಕರೆಯುತ್ತಿದ್ದರು. "ನಾನೇನು ಮಾಡ್ಲಿ?" ಎಂದರು ಮಿಸ್. "ಎಷ್ಟು ಬೇಕೋ ಅಷ್ಟು ತಗೊಳ್ಳಿ ಅಂತ ನಿಯಮದಲ್ಲಿದೆ. ನನಗೆ ಎಲ್ಲಾ ಬೇಕು. ತಗೊಂಡೆ."

ಅಕ್ಕನ ಕೈ ತುರಿಸಿತು. ನೀರು ಹಂಚುವ ನಿಯಮ ಬರೆಯಿರಿ ಎಂದರೆ ನಿದ್ದೆಯಲ್ಲೂ ಬರೆದಾಳು ಅವಳು. "ಇದಕ್ಕೊಂದು ನೀತಿ ಬೇಕು," ಎಂದಳು. "ಆಟಗಾರರು ತಾವೇ ಜಾರಿಗೆ ತರೋ ಹಾಗೆ ಕಾರ್ಡು ಮಾಡೋಣ. ನೀತಿ ಕಾರ್ಡು. ನಾನು ಬರೆದುಕೊಡ್ತೀನಿ."

ಬರೆದೂಬಿಟ್ಟಳು. ಮುಂದಿನ ಭಾನುವಾರದ ಹೊತ್ತಿಗೆ ದಪ್ಪನೆಯ ಒಂದು ಕಟ್ಟು ತಯಾರಾಗಿತ್ತು. ತಮ್ಮ ಮೊದಲನೆಯದನ್ನು ಎತ್ತಿಕೊಂಡು ಗಟ್ಟಿಯಾಗಿ ಓದತೊಡಗಿದ. "ಬರಗಾಲದ ಸಂದರ್ಭದಲ್ಲಿ ಮೇಲ್ಭಾಗದ ಊರುಗಳು ತಮ್ಮ ಅಗತ್ಯಗಳನ್ನು ತಕ್ಕಮಟ್ಟಿಗೆ ಮಿತಿಗೊಳಿಸಿಕೊಂಡು, ಕೆಳಭಾಗದ ಊರುಗಳ ಹಿತವನ್ನು ಗಮನದಲ್ಲಿಟ್ಟು..." ಓದುತ್ತ ಓದುತ್ತ ಅವನಿಗೇ ಉಸಿರು ಸಾಲದಾಯಿತು. ದಂತವೈದ್ಯೆ ಬಾಯಿ ಅಗಲಿಸಿ ಆಕಳಿಸಿದಳು. ದಿನವೆಲ್ಲ ಬೇರೆಯವರ ಬಾಯಿ ತೆಗೆಸುವವಳು ತನ್ನ ಬಾಯಿ ತೆರೆದದ್ದನ್ನು ಅಕ್ಕ ಅಂದೇ ನೋಡಿದ್ದು.

"ತಕ್ಕಮಟ್ಟಿಗೆ ಅಂದ್ರೆ ಎಷ್ಟು ಮಣಿ ಅಕ್ಕಾ?" ಎಂದು ಕೇಳಿದ ತಮ್ಮ.

"ತಕ್ಕಮಟ್ಟಿಗೆ ಅಂದ್ರೆ... ತಕ್ಕಷ್ಟು."

"ಅತ್ತೆಯವರ ಪ್ರಕಾರ ತಕ್ಕಷ್ಟು ಅಂದ್ರೆ ಅಷ್ಟೂ."

"ಹೌದು," ಎಂದರು ಮಿಸ್.

ಅಕ್ಕ ಮುಖ ಊದಿಸಿಕೊಂಡಳು. ಆದರೆ ಬಸ್ಸಿನಲ್ಲಿ ಮನೆಗೆ ಹೋಗುವಾಗ ಆ ಪ್ರಶ್ನೆ ಅವಳ ಬೆನ್ನು ಬಿಡಲಿಲ್ಲ. ಇಷ್ಟು ವರ್ಷದ ಕೆಲಸದಲ್ಲಿ 'ತಕ್ಕಮಟ್ಟಿಗೆ' ಎಂದರೆ ಎಷ್ಟು ಎಂದು ಅವಳನ್ನು ಯಾರೂ ಕೇಳಿರಲಿಲ್ಲ. ಮತ್ತೆ ಬರೆಯಲು ಕೂತಳು. 'ಬರ ಬಂದ ಸುತ್ತಿನಲ್ಲಿ ಯಾವ ಊರೂ ಎರಡು ಮಣಿಗಿಂತ ಹೆಚ್ಚು ತೆಗೆದುಕೊಳ್ಳುವ ಹಾಗಿಲ್ಲ.' ಬರೆದದ್ದನ್ನು ನೋಡಿದರೆ ಅವಳಿಗೇ ಒಂಥರಾ ಭಯವಾಯಿತು. ಬಟ್ಟೆಯಿಲ್ಲದೆ ನಿಂತ ಹಾಗಿತ್ತು ಆ ವಾಕ್ಯ.

ಆದರೆ ಏನು ಮಜ! ಕಾರ್ಡು ಮೇಜಿಗೆ ಬಿದ್ದ ಮರುಸುತ್ತಿನಲ್ಲೇ ಮಣಿಗಳು ಕೆಳಗಿನೂರಿಗೆ ಉರುಳಿಬಂದವು. ಕಚೇರಿಯಲ್ಲಿ ಬರೆದ ನಿಯಮ ಎಲ್ಲಿ ಹೋಗಿ ಯಾರ ನಲ್ಲಿಯಲ್ಲಿ ಏನಾಯಿತು ಎಂಬುದು ಅವಳಿಗೆ ಎಂದೂ ತಿಳಿದದ್ದಿಲ್ಲ. ಇಲ್ಲಿ ಕಣ್ಣೆದುರೇ ಒಂದು ಗಿರಣಿ ಎದ್ದಿತು, ಪಕ್ಕದಲ್ಲಿ ಎರಡು ಮನೆ. ಅಕ್ಕ ಕುರ್ಚಿಯಲ್ಲಿ ಕೂತಲ್ಲೇ ಕುಣಿದಳು. ಅಲ್ಲಿಂದ ಮುಂದೆ ಅವಳಿಗೆ ಹುಚ್ಚು ಹಿಡಿಯಿತು. ಪಾತ್ರೆ ತೊಳೆಯುವಾಗ ಹೊಸ ಕಾರ್ಡು, ಸಿಗ್ನಲ್ಲಿನಲ್ಲಿ ನಿಂತಾಗ ಹೊಸ ಕಾರ್ಡು. ಕಚೇರಿಯ ಸಭೆಯಲ್ಲಿ ಮೇಲಧಿಕಾರಿ ಮಾತಾಡುತ್ತಿದ್ದಾಗ ತನಗೇ ಗೊತ್ತಿಲ್ಲದೆ "ಈಗ ನನ್ನ ಸರದಿ" ಎಂದುಬಿಟ್ಟಿದ್ದಳು. ಪಾಪ, ಅವರು ನಿಜವಾಗಿಯೂ ಮಾತು ನಿಲ್ಲಿಸಿ ಅವಳ ಮುಖ ನೋಡಿದ್ದರು.

ಅಕ್ಕ-ತಮ್ಮನ ಜಗಳ ಶುರುವಾದದ್ದು ಆಮೇಲೆ.

ಅಕ್ಕನಿಗೆ ಎಲ್ಲಕ್ಕಿಂತ ಪ್ರಿಯವಾದದ್ದು 'ಸಮಪಾಲು' ಎಂಬ ಕಾರ್ಡು. ಅದು ಜಾರಿಯಾದರೆ ಬರವಿರಲಿ ಬಿಡಲಿ, ಪ್ರತಿ ಊರಿಗೂ ಸಮನಾಗಿ ನೀರು. ಐದನೆಯ ಊರನ್ನೂ ತಮ್ಮನೇ ನೋಡಿಕೊಂಡು, ನಾಲ್ವರೂ ಆಡಿ ನೋಡಿದರು. ಎಲ್ಲರ ಊರೂ ಒಂದೇ ಸಮ ಬೆಳೆಯಿತು. ಎಲ್ಲರೂ ಒಂದೇ ಸಮ ಗೆದ್ದರು. ಯಾರಿಗೂ ಸಂತೋಷವಾಗಲಿಲ್ಲ.

"ಊರೆಲ್ಲ ಚೆನ್ನಾಗಿದೆ, ಆಟ ಮಾತ್ರ ಸತ್ತುಹೋಗಿದೆ," ಎಂದ ತಮ್ಮ.

"ಎಲ್ಲರೂ ಚೆನ್ನಾಗಿರೋದು ನಿನಗೆ ತೊಂದರೆನಾ?"

"ಮೇಜಿನ ಮೇಲೆ ತೊಂದರೆ. ಇಲ್ಲಿ ಯಾರೂ ಏನೂ ತೀರ್ಮಾನ ಮಾಡಬೇಕಾಗಿಲ್ಲ. ಮಣಿ ಎಣಿಸೋದು, ಮನೆ ಇಡೋದು. ಅದಕ್ಕೆ ನಾವ್ಯಾಕೆ ಬೇಕು?"

"ಹಾಗಾದ್ರೆ ಅನ್ಯಾಯ ಇದ್ರೇನೇ ಮಜಾ ಅಂತೀಯಾ?"

"ಅನ್ಯಾಯ ಅಲ್ಲ ಅಕ್ಕಾ, ಬಿಕ್ಕಟ್ಟು! ಬಿಕ್ಕಟ್ಟು ಬೇಕು ನನಗೆ!"

ಗೋಡೆಯಾಚೆಯ ಮನೆಯವರು ಟಿ.ವಿ.ಯ ಸದ್ದು ತಗ್ಗಿಸಿದರು, ಜಗಳ ಚೆನ್ನಾಗಿ ಕೇಳಲಿ ಅಂತ. ಕಡೆಗೆ ದಂತವೈದ್ಯೆ ನಡುವೆ ಬಂದಳು. "ಅತ್ತಿಗೆ, ಕಾರ್ಡು ತಾನಾಗೇ ಜಾರಿ ಆಗೋದು ಬೇಡ. ನಾವು ಕೈ ಎತ್ತಿ ಒಪ್ಪಬೇಕು ಅಂತ ಮಾಡಿದ್ರೆ? ಆಗ ಒಬ್ಬರನ್ನೊಬ್ಬರು ಪುಸಲಾಯಿಸಬೇಕಾಗುತ್ತೆ."

ಇಬ್ಬರಿಗೂ ಹಿಡಿಸಿತು. ಆದರೆ ಎಷ್ಟು ಕೈ? ಅಲ್ಲಿ ಮತ್ತೆ ಹೊಗೆ ಎದ್ದಿತು. ತಮ್ಮ ಐದೂ ಕೈ ಬೇಕೆಂದ, ಅಕ್ಕ ಮೂರು ಸಾಕೆಂದಳು.

"ಮೂರು ಕೈ ಅಂದ್ರೆ ಮೇಲಿನ ಮೂರೂರು ಒಂದಾಗಿಬಿಡುತ್ತೆ," ಎಂದ ತಮ್ಮ. "ಲಿಫ್ಟಲ್ಲಿ ಇರೋರೆಲ್ಲ ಒಂದೇ ಮೂಲೆಗೆ ಹೋಗಿ ನಿಂತ ಹಾಗೆ."

"ಐದು ಕೈ ಅಂದ್ರೆ ಒಬ್ಬ ಹಟಮಾರಿ ಸಾಕು, ಏನೂ ಮುಂದೆ ಹೋಗಲ್ಲ. ಅದನ್ನ ನಾನು ದಿನಾ ಕಚೇರೀಲಿ ನೋಡ್ತಿದೀನಿ. ಬಹುಮತ ಅಂದ್ರೆ ಬಹುಮತ. ಮೂರು."

ತಮ್ಮ ತಲೆ ಕೆರೆದುಕೊಂಡ. ಅಕ್ಕ ಪಟ್ಟು ಬಿಡಲಿಲ್ಲ. ಮೂರೇ ನಿಂತಿತು.

ಅವರ ಬಡಾವಣೆಯ ಮಾರುಕಟ್ಟೆ ಬೀದಿಯಲ್ಲಿ ಬೋರ್ಡ್ ಗೇಮ್ ಮಾರುವ ಅಂಗಡಿಯೊಂದಿತ್ತು. ಅದರ ಯಜಮಾನರಿಗೆ ಎದೆಯವರೆಗೆ ಗಡ್ಡ, ಆದ್ದರಿಂದ ಗಡ್ಡದ ಸಾರ್ ಎಂದೇ ಹೆಸರು. ಮಾರುವುದರ ಜೊತೆಗೆ ವರ್ಷಕ್ಕೊಂದು ಆಟವನ್ನು ಅವರೇ ಅಚ್ಚು ಹಾಕಿಸಿ ಹೊರತರುತ್ತಿದ್ದರು. ತಮ್ಮ ಹೋಗಿ ಕೇಳಿದಾಗ, "ಶನಿವಾರ ಮಧ್ಯಾಹ್ನ ತನ್ನಿ, ಆಡೋಣ. ಆಟ ಹೇಗಿದೆ ಅಂತ ನನಗೆ ಹೇಳಬೇಡಿ, ನಾನೇ ಕೂತು ನೋಡ್ತೀನಿ," ಎಂದರು.

ಶನಿವಾರ ಗಡ್ಡದ ಸಾರ್ ಸೇರಿ ಐವರೂ ಅಂಗಡಿಯ ಮಹಡಿಯ ಕೋಣೆಯಲ್ಲಿ ಸೇರಿದರು. ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು. ಗೋಡೆಯುದ್ದಕ್ಕೂ ಬಣ್ಣದ ಪೆಟ್ಟಿಗೆಗಳು. ಯಾರಿಗೆ ಯಾವ ಊರು ಎಂದು ಚೀಟಿ ಎತ್ತಿದರು. ಮೇಲಿನೂರು ಮಿಸ್‌ಗೇ ಬಂತು. "ನಾನೇನು ಮಾಡ್ಲಿ?" ಎಂದರು ಅವರು. ಎರಡನೆಯದು ದಂತವೈದ್ಯೆಗೆ, ಮೂರನೆಯದು ತಮ್ಮನಿಗೆ, ನಾಲ್ಕನೆಯದು ಗಡ್ಡದ ಸಾರ್‌ಗೆ. ಎಲ್ಲಕ್ಕಿಂತ ಕೆಳಗಿನೂರು ಅಕ್ಕನ ಪಾಲಿಗೆ ಬಂತು. ಇಷ್ಟು ದಿನದಲ್ಲಿ ಅವಳು ಆ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು.

ಮೊದಮೊದಲು ಎಲ್ಲ ಸೊಗಸಾಗಿಯೇ ಇತ್ತು. ಹೊಳೆ ತುಂಬಿತ್ತು, ಕೆಳಗಿನೂರಿಗೂ ಮಣಿ ಬಂತು. ಅಕ್ಕ ಒಂದು ತೋಟ ಮಾಡಿದಳು, ಸಾಲಾಗಿ ಪುಟ್ಟ ಮರದ ಮನೆಗಳನ್ನಿಟ್ಟಳು. ಆಮೇಲೆ ಬರದ ಕಾರ್ಡು ಬಂತು. ಹೊಳೆಯ ತಲೆಯಲ್ಲಿ ಬಿದ್ದ ಮಣಿಗಳು ಬೆರಳೆಣಿಕೆಯಷ್ಟು. ಮಿಸ್ ತಮ್ಮ ಕೈಲಿದ್ದ ಕಾರ್ಡುಗಳನ್ನು ನೋಡಿ, ಕನ್ನಡಕ ಸರಿಮಾಡಿಕೊಂಡು, ಒಂದನ್ನು ಮೇಜಿನ ಮೇಲಿಟ್ಟರು.

"'ಮೇಲಿನವರಿಗೆ ಮೊದಲು.' ಬರ ಮುಗಿಯೋವರೆಗೆ ಮೇಲಿನ ಮೂರೂರಿನ ಹೊಟ್ಟೆ ತುಂಬಿದ ಮೇಲೇನೇ ನೀರು ಕೆಳಗೆ. ಒಪ್ಪೋರು ಕೈ ಎತ್ತಿ."

ಮಿಸ್ ಕೈ ಎತ್ತಿದರು. ದಂತವೈದ್ಯೆ ಎತ್ತಿದಳು. ತಮ್ಮ ಅಕ್ಕನ ಕಡೆ ನೋಡಿದ, ತನ್ನ ಖಾಲಿ ಗಿರಣಿಯ ಕಡೆ ನೋಡಿದ, ನಿಧಾನವಾಗಿ ಎತ್ತಿದ.

"ಲೋ! ನೀನೂ?"

"ಸಾರಿ ಅಕ್ಕಾ. ನನ್ನೂರ ಜನ ಕೇಳಬೇಕಲ್ಲ."

"ಮಿಸ್, ಒಂದೇ ಒಂದು ಮಣಿ ಬಿಡಿ. ನನ್ನ ತೋಟ ಒಣಗುತ್ತೆ."

"ಬಹುಮತ ಅಮ್ಮಾ," ಎಂದರು ಮಿಸ್ ಮೆಲ್ಲನೆ. "ನಿಯಮ ಬರೆದೋರು ನೀವೇ ತಾನೆ?"

ತೋಟ ಹೋಯಿತು. ಮುಂದಿನ ಸುತ್ತಿನಲ್ಲಿ ಒಂದು ಮನೆ ಹೋಯಿತು, ಅದರ ಮುಂದಿನದರಲ್ಲಿ ಇನ್ನೊಂದು. ಅಕ್ಕ ವಾದಿಸಿದಳು, ಬೇಡಿದಳು, ಮುಂದೆ ನಿಮಗೇ ಸಹಾಯ ಮಾಡುತ್ತೇನೆಂದು ಆಸೆ ತೋರಿಸಿದಳು. ಮೇಲಿನವರಿಗೆ ಅವಳಿಂದ ಆಗಬೇಕಾದದ್ದು ಏನೂ ಇರಲಿಲ್ಲ, ಆದ್ದರಿಂದ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮರದ ಚೂರುಗಳು ಎಂದು ಅವಳಿಗೆ ಗೊತ್ತಿತ್ತು. ಆದರೂ ಉಳಿದ ಕೊನೆಯ ಮನೆಯ ಸುತ್ತ ಕೈ ಅಡ್ಡವಿಟ್ಟಳು. ಪಕ್ಕದಲ್ಲಿ ಮಿಸ್ ಎರಡನೆಯ ಗಿರಣಿ ಕಟ್ಟಿ, ಅದು ನೆಟ್ಟಗೆ ನಿಂತಿದೆಯೇ ಎಂದು ಬಗ್ಗಿ ನೋಡುತ್ತಿದ್ದರು.

ಆಗ ಕೆಳಗಿನಿಂದ ಟೀ ಬಂತು. ಲೋಟ ಹಂಚುವಾಗ ಎಲ್ಲರ ಕಣ್ಣೂ ತಟ್ಟೆಯ ಮೇಲಿತ್ತು. ತಮ್ಮನೂರಿನ ದಂಡೆಯ ಮೇಲೆ ಒಂದು ನೀಲಿ ಮಣಿ ಮಿನುಗುತ್ತಿತ್ತು. ಅಕ್ಕನ ಕೈ ಅದರತ್ತ ಹೋಯಿತು. ತಾನಾಗೇ ಹೋಯಿತು ಎಂದು ಆಮೇಲೆ ಅವಳು ಆಣೆಯಿಟ್ಟು ಹೇಳಿದಳು. ಮಣಿ ಅವಳ ಅಂಗೈ ಸೇರಿತು. ಯಾರೂ ನೋಡಲಿಲ್ಲ. ಆ ಸುತ್ತಿನಲ್ಲಿ ಅವಳ ಕೊನೆಯ ಮನೆ ಉಳಿಯಿತು. ಸಕ್ಕರೆ ಬೇಕೇ ಎಂದು ಗಡ್ಡದ ಸಾರ್ ಕೇಳುತ್ತಿದ್ದಾಗ ಇನ್ನೊಂದು ಮಣಿಯೂ ಬಂತು. ಟ್ರಾಫಿಕ್ ಪೊಲೀಸರಿಲ್ಲದಿದ್ದರೂ ಕೆಂಪು ದೀಪಕ್ಕೆ ನಿಲ್ಲುವ ಹೆಂಗಸು ಅವಳು. ಇಂಥ ಖುಷಿ ಅವಳಿಗೆ ಎಷ್ಟೋ ವರ್ಷಗಳಿಂದ ಆಗಿರಲಿಲ್ಲ.

ಮಿಸ್ ಟೀ ಹೀರಿ, ಲೋಟ ಕೆಳಗಿಟ್ಟು, ತಲೆ ಎತ್ತದೆಯೇ ಹೇಳಿದರು:

"ಕೊನೇ ಬೆಂಚು. ಕೈಯಲ್ಲೇನು?"

ಪರೀಕ್ಷೆಯ ಕೋಣೆಗಳಲ್ಲಿ ಆಯುಷ್ಯ ಕಳೆದ ದನಿ ಅದು. ಅಕ್ಕನ ವಯಸ್ಸು ಅರೆಕ್ಷಣದಲ್ಲಿ ಹತ್ತಕ್ಕೆ ಇಳಿಯಿತು. ಅವಳು ಅಂಗೈ ಬಿಚ್ಚಿದಳು.

"ಅಕ್ಕಾ!" ಎಂದ ತಮ್ಮ, ನಂಬಲಾರದೆ. "ನೀನಾ?"

"ಏನು ಮಾಡ್ಲಿ ಮತ್ತೆ? ಕೇಳಿದೆ, ಕೊಡಲಿಲ್ಲ. ಕೈ ಎತ್ತೋಣ ಅಂದ್ರೆ ನಾವಿರೋದು ಇಬ್ಬರು. ನನಗೆ ಬೇರೆ ದಾರಿ ಇತ್ತಾ?" ಅಕ್ಕನ ಮುಖ ಕೆಂಪೇರಿತ್ತು. ನಾಚಿಕೆ ಎಷ್ಟೋ ಸಿಟ್ಟೂ ಅಷ್ಟೇ ಇತ್ತು.

ಗಡ್ಡದ ಸಾರ್ ಕೆಮ್ಮಿದರು. ಆಮೇಲೆ, ಬಹಳ ಸಂಕೋಚದಿಂದ, ತಮ್ಮ ಟೀ ಲೋಟದಡಿಯ ಬಸಿಯನ್ನು ಎತ್ತಿದರು. ಅದರಡಿಯಲ್ಲಿ ಮೂರು ನೀಲಿ ಮಣಿಗಳಿದ್ದವು.

ಮೊದಲು ನಕ್ಕವಳು ದಂತವೈದ್ಯೆ. ಆಮೇಲೆ ತಡೆಯಲು ಯಾರ ಕೈಲೂ ಆಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕ ಕಣ್ಣೊರೆಸಿಕೊಳ್ಳುತ್ತ ನಕ್ಕಳು. ಮಿಸ್ ಮಾತ್ರ, "ಬಸಿ ಕೆಳಗಿಂದು ನನಗೆ ಗೊತ್ತೇ ಆಗಲಿಲ್ಲವಲ್ಲ," ಎಂದು ಪೇಚಾಡಿದರು.

ನಗು ನಿಂತಾಗ ತಮ್ಮ ಎದ್ದು ನಿಂತಿದ್ದ. ಅವನ ಕಣ್ಣು ಹೊಳೆಯುತ್ತಿತ್ತು. "ಆಟ ಸಿಕ್ಕಿಹಾಕಿಕೊಂಡಿದ್ದು ಇಲ್ಲೇ. ಕೆಳಗಿನವರಿಗೆ ಮಾಡೋದಕ್ಕೆ ಏನೂ ಇಲ್ಲ. ಅದಕ್ಕೇ ಕದ್ದರು. ಕದಿಯೋದನ್ನೇ ಆಟದೊಳಗೆ ತರೋಣ."

"ಥೂ! ಕಳ್ಳತನಕ್ಕೆ ನಿಯಮ ಬರೆಯೋದಾ?" ಎಂದಳು ಅಕ್ಕ. ಅಂಗೈಯಲ್ಲಿ ಮಣಿ ಇನ್ನೂ ಇತ್ತು.

"ಸಿಕ್ಕಿಬಿದ್ದರೆ ಆಟದಿಂದ ಹೊರಗೆ," ಎಂದು ಮಿಸ್ ತೀರ್ಪು ಕೊಟ್ಟರು. "ಅಷ್ಟು ಇದ್ದರೆ ನನ್ನ ಒಪ್ಪಿಗೆ ಇದೆ."

"ಹೊರಗೆ ಹಾಕಿದ್ರೆ ಕೆಳಗಿನೂರಲ್ಲಿ ಯಾರು ಬಂದು ಕೂರ್ತಾರೆ ಮಿಸ್? ನಾನಂತೂ ಕೂರಲ್ಲ," ಎಂದಳು ಅಕ್ಕ.

"ಹುಳುಕಾದ ಹಲ್ಲನ್ನೆಲ್ಲ ಕೀಳ್ತಾ ಹೋದ್ರೆ ನನ್ನ ಹತ್ರ ಯಾರೂ ಬರಲ್ಲ ಅಮ್ಮಾ," ಎಂದಳು ದಂತವೈದ್ಯೆ ತಾಯಿಗೆ. "ಮೊದಲು ಯಾಕೆ ಹುಳುಕಾಯ್ತು ಅಂತ ನೋಡ್ತೀವಿ."

ಗಡ್ಡದ ಸಾರ್ ಬೀರುವಿನಿಂದ ಹಳೆಯ ಆಟವೊಂದರ ದುಂಡು ಬಿಲ್ಲೆಗಳನ್ನು ತಂದು ಸುರಿದರು. ಆ ಬಿಲ್ಲೆಗಳ ಸುತ್ತ ಐವರೂ ತಲೆಗೆ ತಲೆ ತಾಗಿಸಿ ಕೂತರು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಕೆಡವಿ, ಮತ್ತೊಬ್ಬರು ಎತ್ತಿ ನಿಲ್ಲಿಸಿ, ಸಂಜೆಯ ಬಿಸಿಲು ಗೋಡೆಯ ಪೆಟ್ಟಿಗೆಗಳಿಗೆ ಏರುವ ಹೊತ್ತಿಗೆ ಒಂದು ನಿಯಮ ನಿಂತಿತು. ಅದಕ್ಕೆ ಕಳ್ಳಗಾಲುವೆ ಎಂದು ಹೆಸರಿಟ್ಟವಳು ಅಕ್ಕನೇ. ನೀರು ಸಿಗದ ಊರು ಒಂದು ಬಿಲ್ಲೆಯನ್ನು ಬೋರಲಾಗಿ ಹೊಳೆಯ ದಂಡೆಯಲ್ಲಿಡಬಹುದು. ಅದರ ಅಡಿಯಲ್ಲಿ ಕಾಲುವೆಯ ಗುರುತಿರಬಹುದು, ಬರಿದೂ ಆಗಿರಬಹುದು. ಇಟ್ಟವರಿಗೆ ಮಾತ್ರ ಗೊತ್ತು. ಗುರುತಿದ್ದರೆ ಸುತ್ತಿಗೊಂದು ಮಣಿ ಗುಟ್ಟಾಗಿ ಆ ಊರಿಗೆ ಸೇರುತ್ತದೆ. ಮೇಲಿನವರಿಗೆ ಅನುಮಾನ ಬಂದರೆ ತಿರುವಿ ನೋಡಬಹುದು, ಆದರೆ ನೋಡಿದವರು ಆ ಸುತ್ತಿನಲ್ಲಿ ಬೇರೇನೂ ಮಾಡುವ ಹಾಗಿಲ್ಲ. ಕಾಲುವೆ ಇದ್ದರೆ ಮುಚ್ಚುತ್ತದೆ, ಕದ್ದ ನೀರು ವಾಪಸ್ಸು. ಬರಿದಾಗಿದ್ದರೆ ನೋಡಿದವರೇ ಒಂದು ಮಣಿ ಕೊಡಬೇಕು.

"ಮತ್ತೆ ಇದೆಲ್ಲ ರಗಳೆ ಬೇಡ ಅನ್ನೋ ಮೇಲಿನವರಿಗೆ?" ಎಂದು ಕೇಳಿದ ತಮ್ಮ.

ಅಕ್ಕ ಯೋಚಿಸಿದಳು. "ಅವರಾಗೇ ಒಂದು ಮಣಿ ಬಿಟ್ಟುಕೊಟ್ಟರೆ ಕೆಳಗಿನವರು ಬಿಲ್ಲೆ ಎತ್ತಲೇಬೇಕು. ಅಷ್ಟು ಸಾಕು. ಕರುಣೆ ಗಿರುಣೆ ಏನೂ ಬೇಡ, ಲಾಭ ಇದ್ರೆ ಕೊಡ್ತಾರೆ."

"ತಪ್ಪು ಅನುಮಾನಕ್ಕೆ ಮಣಿ ಕೊಟ್ಟರೆ ಸಾಲದು," ಎಂದಳು ದಂತವೈದ್ಯೆ. "ಕ್ಷಮೆನೂ ಕೇಳಬೇಕು. ಬಾಯಿಬಿಟ್ಟು."

ಅಲ್ಲೇ ಇನ್ನೊಂದು ಆಟ ಹೂಡಿದರು. ಕುರ್ಚಿ ಬದಲಿಸೋಣವೇ ಎಂದು ಗಡ್ಡದ ಸಾರ್ ಕೇಳಿದಾಗ ಅಕ್ಕ ಬೇಡವೆಂದಳು. ಬರ ಬಂತು, 'ಮೇಲಿನವರಿಗೆ ಮೊದಲು' ಮತ್ತೆ ಬಂತು, ಮೂರು ಕೈ ಮತ್ತೆ ಎದ್ದವು. ಅಕ್ಕ ಒಂದು ಬಿಲ್ಲೆಯನ್ನು ದಂಡೆಯಲ್ಲಿಟ್ಟು ಕೈ ಕಟ್ಟಿ ಕೂತಳು. ಮಿಸ್ ಬಿಲ್ಲೆ ನೋಡಿದರು, ಅಕ್ಕನ ಮುಖ ನೋಡಿದರು. ಅಕ್ಕ ಕಿಟಕಿಯಾಚೆ ನೋಡಿದಳು.

"ಮುಖ ತಿರುಗಿಸಿದ್ರೆ ತಪ್ಪು ಮಾಡಿದಾರೆ ಅಂತಲೇ ಅರ್ಥ," ಎಂದರು ಮಿಸ್. "ನಾನು ನೋಡ್ತೀನಿ." ತಿರುವಿದರು. ಬಿಲ್ಲೆಯ ಅಡಿ ಬೋಳಾಗಿತ್ತು.

ಮಿಸ್ ಒಂದು ಮಣಿ ತಳ್ಳಿದರು.

"ಅಮ್ಮಾ," ಎಂದಳು ಮಗಳು. "ಬಾಯಿಬಿಟ್ಟು."

ಮಿಸ್ ಅವರ ತುಟಿ ಅಲ್ಲಾಡಿತು, ಸದ್ದು ಹೊರಡಲಿಲ್ಲ. ಅಳಿಯನಾಗಿ ಬಂದಾಗಿನಿಂದ ತಮ್ಮ ಆ ಮಾತನ್ನು ಅವರ ಬಾಯಲ್ಲಿ ಕೇಳಿದವನಲ್ಲ. "ಕ್ಷಮಿಸಿ," ಎಂದರು ಮಿಸ್, ಹಾಗಲಕಾಯಿ ಅಗಿದವರಂತೆ. ಕೋಣೆಯಲ್ಲಿ ಚಪ್ಪಾಳೆ ಎದ್ದಿತು.

ಆಮೇಲೆ ಆಟಕ್ಕೆ ಜೀವ ಬಂತು. ಗಡ್ಡದ ಸಾರ್ ಅವರ ಬಿಲ್ಲೆಯಡಿಯಲ್ಲಿ ನಿಜವಾಗಿಯೂ ಕಾಲುವೆ ಇತ್ತು. ತಮ್ಮ ಹಿಡಿದುಹಾಕಿದ, ಆದರೆ ಆ ಸುತ್ತು ಕಳೆದುಕೊಂಡು ಗಿರಣಿ ಕಟ್ಟಲಾಗದೆ ಹಿಂದೆ ಬಿದ್ದ. ಅಕ್ಕನ ಎರಡನೆಯ ಬಿಲ್ಲೆಯನ್ನು ಮಿಸ್ ಮುಟ್ಟಲು ಹೋಗಲಿಲ್ಲ. "ತಗೊಳಮ್ಮ, ತಗೋ," ಎಂದು ಗೊಣಗುತ್ತ ತಾವಾಗಿಯೇ ಮಣಿ ಸರಿಸಿದರು. ಕೆಳಗಿನೂರಲ್ಲಿ ಮನೆ ಏಳತೊಡಗಿತು. ಕೊನೆಗೆ ಗೆದ್ದವಳು ಯಾರ ತಂಟೆಗೂ ಹೋಗದೆ ತನ್ನ ಪಾಡಿಗೆ ತೋಟ ಮಾಡಿಕೊಂಡು ಬಂದಿದ್ದ ದಂತವೈದ್ಯೆ. ಅಕ್ಕ ಮೂರನೆಯವಳಾಗಿ ಬಂದಳು. ಮೊದಲನೆಯವಳಾಗಿ ಬಂದಷ್ಟು ಬೀಗಿದಳು.

ಗಡ್ಡದ ಸಾರ್ ಗಡ್ಡ ನೀವಿಕೊಂಡರು. "ಈ ವರ್ಷದ ಆಟ ಇದೇ. ಒಂದೇ ಷರತ್ತು. ಕಾರ್ಡಿನ ಮೇಲಿನ ಬರಹ ಒಂದು ಸಾಲು ಮೀರಬಾರದು."

"ಒಂದು ಸಾಲಾ? ಕನಿಷ್ಠ ಮೂರು ಬೇಕು."

"ಒಂದೂವರೆ."

"ಎರಡು," ಎಂದಳು ಅಕ್ಕ. ಎರಡಕ್ಕೆ ಒಪ್ಪಂದವಾಯಿತು.

ಸೋಮವಾರ ಕಚೇರಿಗೆ ಹೋದರೆ ಮೇಜಿನ ಮೇಲೆ ಹೊಸ ಕೆಲಸ ಕಾದಿತ್ತು. ಮುಖ್ಯ ಕೊಳವೆಗೆ ಕದ್ದು ನಲ್ಲಿ ಹಾಕಿಕೊಂಡವರಿಗೆ ಭಾರೀ ದಂಡ, ಸಂಪರ್ಕ ಕಡಿತ, ಹೀಗೊಂದು ಕರಡು ಬೇಕೆಂದು ಮೇಲಧಿಕಾರಿ ಹೇಳಿದ್ದರು. ಹಿಂದಿನ ವಾರವಾಗಿದ್ದರೆ ಮಧ್ಯಾಹ್ನದ ಊಟದೊಳಗೆ ಬರೆದು ಮುಗಿಸುತ್ತಿದ್ದಳು. ಈಗ ಪೆನ್ನು ಎತ್ತಿ ಕೆಳಗಿಟ್ಟಳು. ಬಸ್ಸು ಹತ್ತಿ ಆ ಕೊಳವೆ ಕೊನೆಯಾಗುವ ಬಡಾವಣೆಗೆ ಹೋದಳು. ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿಯ ಹೆಂಗಸೊಬ್ಬಳು ಅಂಗಳದಲ್ಲಿ ಖಾಲಿ ಡ್ರಮ್ಮುಗಳ ನಡುವೆ ನಿಂತಿದ್ದಳು.

"ಇಲ್ಲಿ ನೀರು ಯಾವಾಗ ಬರುತ್ತಮ್ಮ?"

"ನೀರಾ? ನಲ್ಲಿ ತಿರುಗಿಸಿದ್ರೆ ಗಾಳಿ ಬರುತ್ತೆ. ಸುಸ್ ಅನ್ನುತ್ತೆ. ಹೊರಟಿದೀನಿ, ಬರ್ತಿದೀನಿ ಅಂತ ಅರ್ಥ ಇರಬೇಕು." ಹೆಂಗಸು ನಕ್ಕಳು. "ಮೇಲಿನ ಬೀದಿಯವರು ಕಾರು ತೊಳೆದು ಮುಗಿಸಲಿ ಅಂತ ಕಾಯ್ತೀವಿ."

"ಮತ್ತೆ ಈ ಪೈಪು?" ಗೋಡೆಯ ಬುಡದಲ್ಲಿ ಮಣ್ಣು ಮುಚ್ಚಿದ ಹೊಸ ಪೈಪೊಂದು ಇಣುಕುತ್ತಿತ್ತು.

ಹೆಂಗಸು ಆಕಾಶ ನೋಡಿದಳು. ಆ ನೋಟ ಅಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಬಸ್ಸು ಹಿಡಿದು ಕಚೇರಿಗೆ ಮರಳಿದಳು.

ಅವಳು ಕರಡಿನಲ್ಲಿ ಎರಡು ಸಾಲು ಹೆಚ್ಚು ಬರೆದಳು. ದಂಡ ಹಾಕುವ ಮೊದಲು ಆ ಬೀದಿಗೆ ದಿನಕ್ಕೆ ಒಂದು ಗಂಟೆಯಾದರೂ ನೀರು ಬರುತ್ತಿದೆಯೇ ನೋಡಬೇಕು. ಬರುತ್ತಿಲ್ಲವಾದರೆ ಮೊದಲು ನೀರು, ಆಮೇಲೆ ದಂಡದ ಮಾತು. ಮೇಲಧಿಕಾರಿ ಓದಿ ಹುಬ್ಬೇರಿಸಿದರು.

"ಏನಮ್ಮ ಇದು, ಕಳ್ಳರ ಪರ ನಿಂತುಬಿಟ್ಟಿದೀರಿ?"

"ಸಾರ್, ಕಳೆದ ಶನಿವಾರ ನಾನೇ ಕದ್ದಿದೀನಿ."

"ಆಂ?"

"ಎರಡು ಮಣಿ. ಕೂತ್ಕೊಳ್ಳಿ, ಹೇಳ್ತೀನಿ."

ಅವರು ಕೂತರು. ಹೊಳೆ, ಐದು ಊರು, ಮೂರು ಕೈ, ಬಸಿಯ ಕೆಳಗಿನ ಮಣಿ, ಎಲ್ಲ ಕೇಳಿದರು. ಮಧ್ಯೆ ಒಂದು ಸಲ ಜೋರಾಗಿ ನಕ್ಕು, ಬಾಗಿಲು ತೆರೆದಿದೆಯೆಂದು ನೆನಪಾಗಿ ಗಂಭೀರರಾದರು. ಊರಿಗೆಲ್ಲ ಆಗುವುದಿಲ್ಲ, ಎರಡು ಬಡಾವಣೆಗಳಲ್ಲಿ ಮಾಡಿ ನೋಡೋಣ ಎಂದರು. ಅಕ್ಕ ನಾಲ್ಕು ಕೇಳಿದಳು. ಅವರು ಜಗ್ಗಲಿಲ್ಲ. ಆದರೆ ಇಸ್ತ್ರಿ ಅಂಗಡಿಯ ಬಡಾವಣೆ ಆ ಎರಡರಲ್ಲಿ ಒಂದಾಗುವಂತೆ ಅವಳು ನೋಡಿಕೊಂಡಳು.

'ಐದೂರ ಹೊಳೆ' ಅಚ್ಚಾಗಿ ಅಂಗಡಿಗೆ ಬಂದ ದಿನ ತಮ್ಮ ಕೆಲಸಕ್ಕೆ ರಜೆ ಹಾಕಿ, ಗಿರಾಕಿಯ ಹಾಗೆ ಅಂಗಡಿಯೊಳಗೆ ಅಡ್ಡಾಡಿ, ತನ್ನ ಆಟವನ್ನು ತಾನೇ ಇಬ್ಬರಿಗೆ ಹೊಗಳಿ ಕೊಳ್ಳುವಂತೆ ಮಾಡಿ ಬಂದ. ಅಕ್ಕ ಒಂದು ಪೆಟ್ಟಿಗೆ ತಂದು ಕಚೇರಿಯ ಮೇಜಿನ ಮೇಲಿಟ್ಟಳು. ಮುಚ್ಚಳದ ಮೇಲೆ ಅವಳೂ ತಮ್ಮನೂ ಜೊತೆಯಾಗಿ ಮಾಡಿದ್ದು ಎಂದು ಸಣ್ಣ ಅಕ್ಷರದಲ್ಲಿತ್ತು. ಅದನ್ನು ಅವಳು ಬೆರಳಿನಿಂದ ಸವರಿ ನೋಡಿದಳು.

ಅಷ್ಟರಲ್ಲಿ ಮಿಸ್ ಅವರ ಫೋನು.

"ಅಮ್ಮಾ, ನಿಮ್ಮ ನಿಯಮದಲ್ಲೊಂದು ತೂತು ಸಿಕ್ಕಿದೆ."

"ಏನು ಮಿಸ್?"

"ನಾನು ಒಂದು ಮಣಿ ಬಿಟ್ಟುಕೊಟ್ಟರೆ ಕೆಳಗಿನವರು ಬಿಲ್ಲೆ ಎತ್ತಬೇಕು ಅಂತಿದೆ. ಅದೇ ಮಣಿನ ಮುಂದಿನ ಸುತ್ತಲ್ಲಿ ವಾಪಸ್ ಇಸ್ಕೋಬಾರದು ಅಂತ ಎಲ್ಲೂ ಬರೆದಿಲ್ಲ."

ಅಕ್ಕ ನೆಟ್ಟಗೆ ಕೂತಳು. "ಕೊಟ್ಟಿದ್ದನ್ನ ವಾಪಸ್ ಇಸ್ಕೊಳ್ಳೋದಾ! ಯಾರು ಮಾಡ್ತಾರೆ ಹಾಗೆ?"

"ನಾನು ಈಗ ತಾನೆ ಮಾಡಿದೆ. ಅಳಿಯಂದಿರು ಅಡುಗೆಮನೇಲಿ ಒಬ್ಬರೇ ಗೊಣಗಾಡ್ತಿದಾರೆ."

"ಮಣಿ ಮುಟ್ಟಬೇಡಿ. ಇರೋ ಹಾಗೇ ಇರಲಿ. ಕೆಲಸ ಮುಗಿದ ತಕ್ಷಣ ಬರ್ತೀನಿ," ಎಂದು ಅಕ್ಕ ಫೋನಿಟ್ಟಳು. ಹಾಳೆಯೊಂದನ್ನು ಎಳೆದುಕೊಂಡು, ಎರಡು ಸಾಲು ಮೀರದ ಹಾಗೆ ಬರೆಯಲು ಶುರುಮಾಡಿದಳು.